ಲಿನಕ್ಸ್‌ನಲ್ಲಿ ಡಯಲ್-ಅಪ್ ಮೋಡೆಮ್: ಪೋರ್ಟ್‌ನಿಂದ ಪಿಪಿಪಿವರೆಗೆ

ಸ್ಥಿರ ದೂರವಾಣಿಯ ತಂತಿಯ ಮೂಲಕ ದೂರದ ಕಂಪ್ಯೂಟರ್ ಒಂದಕ್ಕೆ ಕರೆ ಮಾಡಿ, ಆ ಕರೆಯನ್ನೇ ಇಂಟರ್‌ನೆಟ್ ಸಂಪರ್ಕವಾಗಿ ಬಳಸುವ ವಿಧಾನಕ್ಕೆ ಡಯಲ್-ಅಪ್ ಎನ್ನುತ್ತಾರೆ. 1990ರ ದಶಕದ ಮಧ್ಯಭಾಗದಿಂದ ಸುಮಾರು ಒಂದು ದಶಕ ಮನೆಯ ಇಂಟರ್‌ನೆಟ್ ಎಂದರೆ ಬಹುತೇಕ ಇದೇ ಆಗಿತ್ತು. ಲಿನಕ್ಸ್ ಹವ್ಯಾಸಿಗಳ ಮನೆಗೆ ಬಂದದ್ದೂ ಅದೇ ಕಾಲದಲ್ಲಿ. ಹಾಗಾಗಿ ಲಿನಕ್ಸ್ ಹಾಕಿಕೊಂಡವರಿಗೆ ಎದುರಾಗುತ್ತಿದ್ದ ಮೊದಲ ದೊಡ್ಡ ಕೆಲಸ ಮೋಡೆಮ್ ಅನ್ನು ಮಾತಾಡಿಸುವುದು. ಅದು ಆಗದಿದ್ದಾಗ ದೂರು ಲಿನಕ್ಸ್ ಮೇಲೆ ಬೀಳುತ್ತಿತ್ತು. ಆದರೆ ಬಹಳಷ್ಟು ಸಂದರ್ಭಗಳಲ್ಲಿ ತೊಡಕಿನ ಮೂಲ ಇರುತ್ತಿದ್ದುದು ಕಾರ್ಡ್‌ನಲ್ಲಿ: ಮೋಡೆಮ್ ಮಾಡಬೇಕಾದ ಕೆಲಸವನ್ನು ತಯಾರಕರು ವಿಂಡೋಸ್‌ನ ಡ್ರೈವರ್‌ಗೆ ವಹಿಸಿ, ಆ ಡ್ರೈವರ್‌ನ ಗುಟ್ಟನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಇಡೀ ಕೆಲಸವನ್ನು ನಾಲ್ಕು ಹಂತಗಳಾಗಿ ನೋಡಬಹುದು. ಮೊದಲು ಕರ್ನಲ್‌ಗೆ ಮೋಡೆಮ್ ಕಾಣಬೇಕು. ಎರಡನೆಯದಾಗಿ ಮೋಡೆಮ್ ನಮ್ಮ ಆದೇಶಕ್ಕೆ ಉತ್ತರಿಸಬೇಕು. ಮೂರನೆಯದಾಗಿ ಕರೆ ಕೂಡಬೇಕು. ಕೊನೆಗೆ ಆ ಕರೆಯ ಮೇಲೆ ಇಂಟರ್‌ನೆಟ್ ಸಂಪರ್ಕ ಏರ್ಪಡಬೇಕು. ಪ್ರತಿ ಹಂತವನ್ನೂ ಬೇರೆಯಾಗಿ ಪರೀಕ್ಷಿಸುವ ಉಪಕರಣಗಳು ಲಿನಕ್ಸ್‌ನಲ್ಲೇ ಇವೆ.

ತಂತಿಯ ಮೇಲೆ ನಡೆಯುವುದೇನು

ದೂರವಾಣಿ ಜಾಲವನ್ನು ಕಟ್ಟಿದ್ದು ಮನುಷ್ಯರ ಮಾತಿಗಾಗಿ. ಅದರಲ್ಲಿ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿ ಮಾತ್ರ ಸರಿಯಾಗಿ ದಾಟುತ್ತದೆ. ಕಂಪ್ಯೂಟರ್‌ನ ಸೊನ್ನೆ-ಒಂದುಗಳನ್ನು ಈ ಪಟ್ಟಿಯೊಳಗಿನ ಧ್ವನಿಯಾಗಿ ಮಾರ್ಪಡಿಸಿ ಕಳಿಸುವುದು, ಆ ಕಡೆಯಿಂದ ಬಂದ ಧ್ವನಿಯನ್ನು ಮತ್ತೆ ಸೊನ್ನೆ-ಒಂದುಗಳಾಗಿಸುವುದು ಮೋಡೆಮ್‌ನ ಕೆಲಸ. ಕರೆ ಕೂಡುವಾಗ ಕೇಳುವ ಕೀರಲು ಸದ್ದು ಎರಡು ಕಡೆಯ ಮೋಡೆಮ್‌ಗಳು ತಂತಿಯ ಗುಣವನ್ನು ಅಳೆದು, ಯಾವ ವೇಗದಲ್ಲಿ ಮಾತಾಡಬೇಕೆಂದು ತೀರ್ಮಾನಿಸುವ ಮಾತುಕತೆ. ಅದರ ಆರಂಭದಲ್ಲಿ ಉತ್ತರಿಸುವ ಮೋಡೆಮ್ ಹೊರಡಿಸುವ 2,100 ಹರ್ಟ್ಸ್‌ನ ಸ್ವರಕ್ಕೆ ಇನ್ನೊಂದು ಉದ್ದೇಶವೂ ಇದೆ: ದೂರವಾಣಿ ಜಾಲದಲ್ಲಿ ಪ್ರತಿಧ್ವನಿ ತಡೆಯಲು ಇಟ್ಟಿರುವ ಉಪಕರಣಗಳು ಅದನ್ನು ಕೇಳಿ ತಮ್ಮ ಕೆಲಸ ನಿಲ್ಲಿಸುತ್ತವೆ.

ಅಮೆರಿಕದ ಬೆಲ್ 103 ಮೋಡೆಮ್ 1962ರಲ್ಲಿ ಸೆಕೆಂಡಿಗೆ 300 ಬಿಟ್ ಸಾಗಿಸುತ್ತಿತ್ತು. 1991ರ ವಿ.32ಬಿಸ್ ಮಾನದಂಡದಲ್ಲಿ ಅದು 14,400ಕ್ಕೆ, 1994ರ ವಿ.34ರಲ್ಲಿ 28,800ಕ್ಕೆ ಏರಿತು, ವಿ.34 ಮುಂದೆ 33,600ರವರೆಗೂ ಹೋಯಿತು. ಪೂರ್ತಿ ಅನಲಾಗ್ ತಂತಿಗೆ ಹೆಚ್ಚುಕಡಿಮೆ ಅದೇ ಮಿತಿ. 1998ರ ವಿ.90 ಮಾನದಂಡ ಆ ಮಿತಿಯನ್ನು ದಾಟಿದ್ದು ಒಂದು ಜಾಣ್ಮೆಯಿಂದ. ಇಂಟರ್‌ನೆಟ್ ಕೊಡುವ ಸಂಸ್ಥೆಯ ಉಪಕರಣ ಡಿಜಿಟಲ್ ಎಕ್ಸ್‌ಚೇಂಜ್‌ಗೆ ನೇರವಾಗಿ ಜೋಡಣೆಯಾಗಿದ್ದರೆ, ಮಾಹಿತಿ ಅನಲಾಗ್ ಆಗುವುದು ಬಳಕೆದಾರರ ಮನೆಯ ಕಡೆಯ ತುಂಡು ತಂತಿಯಲ್ಲಿ ಮಾತ್ರ. ಆಗ ಇಳಿಕೆಯ ದಿಕ್ಕಿನಲ್ಲಿ 56 ಕಿಲೋಬಿಟ್ ಸಾಧ್ಯ. ಏರಿಕೆ ಮಾತ್ರ 33.6ರಲ್ಲೇ ಉಳಿಯಿತು. ಪೆಟ್ಟಿಗೆಯ ಮೇಲೆ 56ಕೆ ಎಂದು ಬರೆದಿದ್ದರೂ ಕರೆ 40ರ ಆಸುಪಾಸಿನಲ್ಲಿ ಕೂಡುವುದು ಸಾಮಾನ್ಯವಾಗಿತ್ತು. ಅದು ಲಿನಕ್ಸ್‌ನ ದೋಷವಲ್ಲ, ತಂತಿಯ ಗುಣ.

ಪೂರ್ಣ ಮೋಡೆಮ್ ಮತ್ತು ವಿನ್‌ಮೋಡೆಮ್

ಪೂರ್ಣ ಪ್ರಮಾಣದ ಮೋಡೆಮ್‌ನಲ್ಲಿ ಮೂರು ಭಾಗಗಳಿರುತ್ತವೆ. ದೂರವಾಣಿ ತಂತಿಗೆ ಜೋಡಿಸುವ ಸರ್ಕ್ಯೂಟ್ ಒಂದು. ಧ್ವನಿಯ ಲೆಕ್ಕಾಚಾರ ಮಾಡುವ ಸಂಕೇತ ಸಂಸ್ಕಾರಕ ಇನ್ನೊಂದು. ಆದೇಶಗಳನ್ನು ಅರ್ಥ ಮಾಡಿಕೊಂಡು ದೋಷ ತಿದ್ದುವ, ಮಾಹಿತಿಯನ್ನು ಕುಗ್ಗಿಸುವ ನಿಯಂತ್ರಕ ಮೂರನೆಯದು. ಇಂಥ ಮೋಡೆಮ್ ಕಂಪ್ಯೂಟರ್‌ಗೆ ಬರೀ ಒಂದು ಸೀರಿಯಲ್ ಪೋರ್ಟ್‌ನಂತೆ ಕಾಣುತ್ತದೆ. ವಿಶೇಷ ಡ್ರೈವರ್ ಬೇಕಿಲ್ಲ. ಲಿನಕ್ಸ್ ಮಾತ್ರವಲ್ಲ, ಡಾಸ್ ಆದರೂ ಅದರ ಜೊತೆ ಮಾತಾಡಬಲ್ಲದು.

1990ರ ದಶಕದ ಕೊನೆಯ ಹೊತ್ತಿಗೆ ಪ್ರೊಸೆಸರ್‌ಗಳು ವೇಗ ಪಡೆದಿದ್ದವು. ಕೊನೆಯ ಎರಡು ಭಾಗಗಳಲ್ಲಿ ಒಂದನ್ನೋ ಎರಡನ್ನೋ ತೆಗೆದುಹಾಕಿ ಅದರ ಕೆಲಸವನ್ನು ಕಂಪ್ಯೂಟರ್‌ನಿಂದಲೇ ಮಾಡಿಸಿದರೆ ಕಾರ್ಡ್‌ನ ಬೆಲೆ ಇಳಿಯುತ್ತದೆ ಎಂದು ತಯಾರಕರು ಕಂಡುಕೊಂಡರು. ವಿನ್‌ಮೋಡೆಮ್ ಎಂಬುದು ಯುಎಸ್ ರೋಬಾಟಿಕ್ಸ್ ಕಂಪನಿಯ ವ್ಯಾಪಾರ ಹೆಸರು. ಕ್ರಮೇಣ ಈ ಇಡೀ ಜಾತಿಗೇ ಅದು ಅಂಟಿಕೊಂಡಿತು. ಇವುಗಳಲ್ಲಿ ಎರಡು ಬಗೆ. ಲ್ಯುಸೆಂಟ್‌ನ ಎಲ್‌ಟಿ ಚಿಪ್‌ಗಳಂಥವುಗಳಲ್ಲಿ ಸಂಕೇತ ಸಂಸ್ಕಾರಕ ಕಾರ್ಡ್‌ನಲ್ಲೇ ಇರುತ್ತದೆ, ನಿಯಂತ್ರಕ ಮಾತ್ರ ಇಲ್ಲ. ಪಿಸಿಟೆಲ್, ಸ್ಮಾರ್ಟ್ ಲಿಂಕ್, ಕೊನೆಕ್ಸಾಂಟ್‌ನ ಎಚ್‌ಎಸ್‌ಎಫ್ ಮುಂತಾದವುಗಳಲ್ಲಿ ಅದೂ ಇಲ್ಲ. ಧ್ವನಿಯ ಪ್ರತಿಯೊಂದು ಲೆಕ್ಕವನ್ನೂ ಕಂಪ್ಯೂಟರ್‌ನ ಪ್ರೊಸೆಸರ್ ಮಾಡಬೇಕು.

ಕೊಳ್ಳುವ ಮುನ್ನವೇ ಇವನ್ನು ಗುರುತಿಸುವ ಉಪಾಯಗಳಿದ್ದವು. ಸೀರಿಯಲ್ ಕೇಬಲ್ ಮತ್ತು ತನ್ನದೇ ವಿದ್ಯುತ್ ಅಡಾಪ್ಟರ್ ಇರುವ ಹೊರಗಿನ ಮೋಡೆಮ್ ಆದರೆ ಚಿಂತೆಯಿಲ್ಲ. ಜಂಪರ್‌ಗಳಿರುವ ಹಳೆಯ ಐಎಸ್‌ಎ ಕಾರ್ಡ್‌ಗಳೂ ಸಾಮಾನ್ಯವಾಗಿ ಪೂರ್ಣ ಮೋಡೆಮ್‌ಗಳೇ. ಅಗ್ಗದ ಪಿಸಿಐ ಕಾರ್ಡ್‌ಗಳು ಮತ್ತು ಲ್ಯಾಪ್‌ಟಾಪ್‌ನ ಒಳಗಿನ ಮೋಡೆಮ್‌ಗಳು ಬಹುಪಾಲು ವಿನ್‌ಮೋಡೆಮ್‌ಗಳು. ಯುಎಸ್ ರೋಬಾಟಿಕ್ಸ್‌ನ 5610ರಂಥ ಕೆಲವೇ ಪಿಸಿಐ ಕಾರ್ಡ್‌ಗಳು ಇದಕ್ಕೆ ಅಪವಾದ. ಕನಿಷ್ಠ ಇಂತಿಷ್ಟು ವೇಗದ ಪ್ರೊಸೆಸರ್ ಮತ್ತು ವಿಂಡೋಸ್ ಬೇಕು ಎಂದು ಪೆಟ್ಟಿಗೆಯ ಮೇಲೆ ಮುದ್ರಿಸಿದ್ದರೆ ಅದೇ ಸಾಕಷ್ಟು ಸುಳಿವು.

ಮೊದಲ ಹಂತ: ಚಿಪ್ ಗುರುತಿಸುವುದು

ಒಳಗಿನ ಕಾರ್ಡ್ ಯಾವುದೆಂದು ತಿಳಿಯಲು ಎಲ್‌ಎಸ್‌ಪಿಸಿಐ ಕಮಾಂಡ್ ಇದೆ. ಪೆಟ್ಟಿಗೆಯ ಮೇಲಿನ ಹೆಸರಿಗಿಂತ ಚಿಪ್ ತಯಾರಕರ ಸಂಖ್ಯೆ ಮುಖ್ಯ: 11ಸಿ1 ಎಂದಿದ್ದರೆ ಲ್ಯುಸೆಂಟ್, 14ಎಫ್1 ಎಂದಿದ್ದರೆ ಕೊನೆಕ್ಸಾಂಟ್. ಕರ್ನಲ್ ಏಳುವಾಗ ಬರೆದಿಟ್ಟ ಸಂದೇಶಗಳನ್ನು ಡಿಮೆಸೆಜ್ ಕಮಾಂಡ್‌ನಿಂದ ಓದಿ, ಸೀರಿಯಲ್ ಪೋರ್ಟ್‌ಗಳು ಸಿಕ್ಕಿವೆಯೇ ಎಂದು ನೋಡಬೇಕು.

ವಿನ್‌ಮೋಡೆಮ್ ಎಂದು ಖಚಿತವಾದ ಮೇಲೆ ಉಳಿದ ದಾರಿ ಆಯಾ ಚಿಪ್‌ನ ಡ್ರೈವರ್ ಹುಡುಕುವುದು. ಇಂಥ ಮೋಡೆಮ್‌ಗಳನ್ನು ಲಿನಕ್ಸ್‌ನಲ್ಲಿ ನಡೆಸುವ ಪ್ರಯತ್ನಕ್ಕೆ ಲಿನ್‌ಮೋಡೆಮ್ಸ್ ಎಂಬ ಹೆಸರಿನ ಸ್ವಯಂಸೇವಕರ ಗುಂಪು ಟೊಂಕ ಕಟ್ಟಿ ನಿಂತಿತು. ಅವರ ಸ್ಕ್ಯಾನ್‌ಮೋಡೆಮ್ ಎಂಬ ಉಪಕರಣ ಯಂತ್ರವನ್ನು ಜಾಲಾಡಿ, ಯಾವ ಡ್ರೈವರ್ ಬೇಕೆಂದು ಹೇಳುತ್ತಿತ್ತು. ಲ್ಯುಸೆಂಟ್ ಚಿಪ್‌ಗಳಿಗೆ ಎಲ್‌ಟಿಮೋಡೆಮ್, ಸ್ಮಾರ್ಟ್ ಲಿಂಕ್‌ಗೆ ಎಸ್‌ಎಲ್‌ಮೋಡೆಮ್‌ಡಿ, ಕೊನೆಕ್ಸಾಂಟ್‌ಗೆ ಲಿನಕ್ಸಾಂಟ್ ಕಂಪನಿಯ ಡ್ರೈವರ್. ಈ ಕೊನೆಯದರ ಉಚಿತ ಆವೃತ್ತಿ 14.4 ಕಿಲೋಬಿಟ್ ದಾಟುತ್ತಿರಲಿಲ್ಲ; ಪೂರ್ಣ ವೇಗ ಬೇಕೆಂದರೆ ಹಣ ಕೊಡಬೇಕಿತ್ತು.

ಇವುಗಳ ತಿರುಳು ಆಕರ ಸಂಕೇತವಿಲ್ಲದ ಸಿದ್ಧ ಕಡತವಾದ್ದರಿಂದ ಕರ್ನಲ್ ಬದಲಾದಾಗಲೆಲ್ಲ ಡ್ರೈವರ್ ಅನ್ನು ಮತ್ತೆ ಕಟ್ಟಿಕೊಳ್ಳಬೇಕಿತ್ತು. ಕೆಲವೊಮ್ಮೆ ಅದು ಕಟ್ಟಿಬರುತ್ತಲೇ ಇರಲಿಲ್ಲ. ಮುಕ್ತವಲ್ಲದ ಡ್ರೈವರ್ ಸೇರಿದಾಗ ಕರ್ನಲ್ ತಾನು ಕಳಂಕಿತವಾಗಿದ್ದೇನೆ ಎಂದು ಗುರುತು ಹಾಕಿಕೊಳ್ಳುತ್ತದೆ. 2004ರಲ್ಲಿ ಇದೇ ದೊಡ್ಡ ಜಗಳಕ್ಕೆ ಕಾರಣವಾಯಿತು. ಲಿನಕ್ಸಾಂಟ್ ತನ್ನ ಡ್ರೈವರ್‌ನ ಪರವಾನಗಿ ಸಾಲಿನಲ್ಲಿ ಮುಕ್ತ ಪರವಾನಗಿಯಾದ ಜಿಪಿಎಲ್‌ನ ಹೆಸರು ಬರೆದು, ತಕ್ಷಣ ಒಂದು ಶೂನ್ಯ ಅಕ್ಷರ ಇಟ್ಟು, ಅದರಾಚೆಗೆ ಷರತ್ತು ಸೇರಿಸಿತ್ತು. ಸಿ ಭಾಷೆಯಲ್ಲಿ ಶೂನ್ಯ ಅಕ್ಷರ ಬಂದಲ್ಲಿಗೆ ಸಾಲು ಮುಗಿಯುತ್ತದೆ. ಕರ್ನಲ್‌ಗೆ ಕಂಡದ್ದು ಜಿಪಿಎಲ್ ಎಂಬ ಮೂರು ಅಕ್ಷರ ಮಾತ್ರ, ಎಚ್ಚರಿಕೆಯ ಸಂದೇಶ ಬರಲೇ ಇಲ್ಲ. ಹಲವು ಭಾಗಗಳಿರುವ ಡ್ರೈವರ್‌ನಿಂದ ಒಂದೇ ಎಚ್ಚರಿಕೆ ಪದೇ ಪದೇ ಬಂದು ಬಳಕೆದಾರರು ಗಾಬರಿಯಾಗದಿರಲಿ ಎಂದು ಹೀಗೆ ಮಾಡಿದ್ದಾಗಿ ಕಂಪನಿ ಸಮಜಾಯಿಷಿ ಕೊಟ್ಟಿತು. ಕರ್ನಲ್ ಅಭಿವೃದ್ಧಿಗಾರರಲ್ಲಿ ಹಲವರು ಇದನ್ನು ಮೋಸವೆಂದೇ ಕರೆದರು.

ಪೋರ್ಟ್‌ನ ಹೆಸರು, ವಿಳಾಸ, ಅನುಮತಿ

ಲಿನಕ್ಸ್‌ನಲ್ಲಿ ಸಾಧನವೂ ಒಂದು ಕಡತದಂತೆ ಕಾಣುತ್ತದೆ. ವಿಂಡೋಸ್‌ನ ಕಾಮ್1 ಇಲ್ಲಿ /ಡೆವ್/ಟಿಟಿವೈಎಸ್0, ಕಾಮ್2 ಎಂಬುದು ಟಿಟಿವೈಎಸ್1. ಎಣಿಕೆ ಸೊನ್ನೆಯಿಂದ ಶುರು. ಯುಎಸ್‌ಬಿ ಮೋಡೆಮ್‌ಗಳಲ್ಲಿ ಸಾರ್ವತ್ರಿಕ ಮಾನದಂಡ ಪಾಲಿಸುವಂಥವು ಟಿಟಿವೈಎಸಿಎಂ0 ಎಂದು ಬರುತ್ತವೆ. ಸ್ಮಾರ್ಟ್ ಲಿಂಕ್ ಡ್ರೈವರ್ ತಾನೇ ಟಿಟಿವೈಎಸ್‌ಎಲ್0 ಎಂಬ ಹೆಸರು ಸೃಷ್ಟಿಸುತ್ತದೆ. ಈ ಹೆಸರುಗಳನ್ನು ನೆನಪಿಡುವ ತಾಪತ್ರಯ ಬೇಡವೆಂದು /ಡೆವ್/ಮೋಡೆಮ್ ಎಂಬ ಕೊಂಡಿ ಮಾಡಿಟ್ಟುಕೊಳ್ಳುವುದು ವಾಡಿಕೆ.

ಐಎಸ್‌ಎ ಕಾರ್ಡ್‌ಗಳ ಕಾಲದಲ್ಲಿ ಒಂದು ವಿಚಿತ್ರ ತೊಂದರೆ ಕಾಣಿಸಿಕೊಳ್ಳುತ್ತಿತ್ತು: ಇಂಟರ್‌ನೆಟ್ ಓಡುತ್ತಿರುವಾಗ ಮೌಸ್ ಅಲುಗಾಡಿಸಿದರೆ ಸಂಪರ್ಕ ಸ್ತಬ್ಧ. ಕಾರಣ ಸರಳ. ಕಾಮ್1 ಮತ್ತು ಕಾಮ್3 ಎರಡಕ್ಕೂ ಪ್ರೊಸೆಸರ್‌ನ ಗಮನ ಸೆಳೆಯುವ ತಂತಿ ಒಂದೇ, ಐಆರ್‌ಕ್ಯೂ 4. ಕಾಮ್2 ಮತ್ತು ಕಾಮ್4 ಎರಡಕ್ಕೂ ಐಆರ್‌ಕ್ಯೂ 3. ಸೀರಿಯಲ್ ಮೌಸ್ ಕಾಮ್1ರಲ್ಲಿ, ಮೋಡೆಮ್ ಕಾಮ್3ರಲ್ಲಿ ಇದ್ದರೆ ಎರಡೂ ಕಿತ್ತಾಡುತ್ತವೆ. ಕಾರ್ಡ್‌ನ ಜಂಪರ್ ಬದಲಿಸಿ ಐಆರ್‌ಕ್ಯೂ 5ಕ್ಕೆ ಸರಿಸಿ, ಅದೇ ಸಂಖ್ಯೆಯನ್ನು ಸೆಟ್‌ಸೀರಿಯಲ್ ಕಮಾಂಡ್ ಮೂಲಕ ಕರ್ನಲ್‌ಗೂ ತಿಳಿಸಿದರೆ ಜಗಳ ಮುಗಿಯುತ್ತದೆ.

ಇನ್ನೊಂದು ಸಾಮಾನ್ಯ ಅಡ್ಡಿ ಅನುಮತಿಯದು. ರೂಟ್ ಆಗಿ ಓಡಿಸಿದರೆ ಮೋಡೆಮ್ ಉತ್ತರಿಸುತ್ತದೆ, ಮಾಮೂಲಿ ಬಳಕೆದಾರರಾಗಿ ಓಡಿಸಿದರೆ ಬಾಯಿ ಬಿಡುವುದಿಲ್ಲ ಎಂದಾದರೆ ಆ ಬಳಕೆದಾರರನ್ನು ಡೆಬಿಯನ್‌ನಲ್ಲಿ ಡಯಲ್‌ಔಟ್ ಗುಂಪಿಗೆ, ಹಳೆಯ ರೆಡ್‌ಹ್ಯಾಟ್‌ನಲ್ಲಿ ಯುಯುಸಿಪಿ ಗುಂಪಿಗೆ ಸೇರಿಸಬೇಕು.

ಎರಡನೇ ಹಂತ: ಎಟಿ ಎಂದರೆ ಓಕೆ

ಅಮೆರಿಕದ ಹೇಯ್ಸ್ ಕಂಪನಿ 1981ರಲ್ಲಿ ತಂದ ಸ್ಮಾರ್ಟ್‌ಮೋಡೆಮ್, ಡಯಲ್ ಮಾಡು, ಕರೆ ಮುಗಿಸು ಮುಂತಾದ ಆದೇಶಗಳನ್ನು ಅದೇ ಸೀರಿಯಲ್ ತಂತಿಯ ಮೇಲೆ ಅಕ್ಷರಗಳ ರೂಪದಲ್ಲಿ ಸ್ವೀಕರಿಸುತ್ತಿತ್ತು. ಆ ಆದೇಶಗಳು ಎಟಿ ಎಂಬ ಎರಡಕ್ಷರದಿಂದ ಶುರುವಾಗುತ್ತವೆ. ಮುಂದೆ ಬಂದ ಬಹುತೇಕ ಎಲ್ಲ ತಯಾರಕರೂ ಅದನ್ನೇ ಅನುಸರಿಸಿದರು.

ನೆದರ್ಲೆಂಡ್ಸ್‌ನ ಮಿಕೆಲ್ ಫಾನ್ ಸ್ಮೂರೆನ್‌ಬರ್ಗ್ ಬರೆದ ಮಿನಿಕಾಮ್ ಎಂಬ ತಂತ್ರಾಂಶ ಈ ಪರೀಕ್ಷೆಗೆ ಹೇಳಿ ಮಾಡಿಸಿದ್ದು. ಅದನ್ನು ತೆರೆದು, ಪೋರ್ಟ್ ಆರಿಸಿ, ಎಟಿ ಎಂದು ಟೈಪ್ ಮಾಡಿ ಎಂಟರ್ ಒತ್ತಿದಾಗ ಓಕೆ ಎಂಬ ಉತ್ತರ ಬಂದರೆ ಅರ್ಧ ಕೆಲಸ ಮುಗಿದಂತೆ. ಬಾರದಿದ್ದರೆ ಮುಂದಿನ ಯಾವ ಕಡತ ತಿದ್ದಿಯೂ ಪ್ರಯೋಜನವಿಲ್ಲ; ಹಿಂದಿನ ಹಂತಕ್ಕೇ ಮರಳಬೇಕು.

ನಿತ್ಯ ಬೇಕಾಗುವ ಆದೇಶಗಳು ಕೆಲವೇ. ಎಟಿಜೆಡ್ ಮೋಡೆಮ್ ಅನ್ನು ಮೊದಲಿನ ಸ್ಥಿತಿಗೆ ತರುತ್ತದೆ. ಎಟಿಡಿಟಿ ಮುಂದೆ ಸಂಖ್ಯೆ ಬರೆದರೆ ಟೋನ್ ಮೂಲಕ ಡಯಲ್ ಆಗುತ್ತದೆ. ಟೋನ್ ಒಪ್ಪದ ಹಳೆಯ ಎಕ್ಸ್‌ಚೇಂಜ್‌ಗಳಿಗೆ ಎಟಿಡಿಪಿ, ಅಂದರೆ ಪಲ್ಸ್. ಎಟಿಎಚ್ ಎಂದರೆ ಕರೆ ಮುಗಿಯಿತು. ಎಟಿಎಂ0 ಎಂದರೆ ಸ್ಪೀಕರ್ ಬಂದ್. ಮನೆಮಂದಿ ಮಲಗಿದ ಮೇಲೆ ಕೂರುವವರು ಇದನ್ನು ಮರೆಯುತ್ತಿರಲಿಲ್ಲ. ಡಯಲ್ ಟೋನ್ ಇದ್ದರೂ ಮೋಡೆಮ್ ಇಲ್ಲ ಎಂದು ಹಟ ಹಿಡಿದರೆ ಎಟಿಎಕ್ಸ್3 ಕೊಡಬೇಕು, ಆಗ ಅದು ಟೋನ್‌ಗೆ ಕಾಯದೆ ಡಯಲ್ ಮಾಡುತ್ತದೆ. ಬೇರೆ ದೇಶದ ಟೋನ್‌ಗೆ ಹೊಂದಿಸಿದ ಮೋಡೆಮ್‌ಗಳಿಗೆ ಇದು ದೊಡ್ಡ ಪರಿಹಾರ.

ಕರೆಯ ನಡುವೆ ಆದೇಶ ಕೊಡಬೇಕಾದರೆ ಮೂರು ಪ್ಲಸ್ ಚಿಹ್ನೆಗಳನ್ನು ಕಳಿಸಬೇಕು. ಹೇಯ್ಸ್ ವಿನ್ಯಾಸದಲ್ಲಿ ಆ ಚಿಹ್ನೆಗಳ ಹಿಂದೆ ಮುಂದೆ ಒಂದೊಂದು ಸೆಕೆಂಡ್ ಮೌನ ಕಡ್ಡಾಯ. ಈ ಮೌನಕ್ಕೆ ಹೇಯ್ಸ್ ಪೇಟೆಂಟ್ ಪಡೆದಿದ್ದರಿಂದ ಕೆಲವು ಅಗ್ಗದ ಮೋಡೆಮ್‌ಗಳು ಅದನ್ನು ಬಿಟ್ಟವು. ಪರಿಣಾಮವಾಗಿ, ಮೂರು ಪ್ಲಸ್ ಮತ್ತು ಎಟಿಎಚ್0 ಎಂಬ ಅಕ್ಷರಗಳಿರುವ ಪಿಂಗ್ ಪೊಟ್ಟಣವನ್ನು ಕಿಡಿಗೇಡಿಗಳು ಕಳಿಸಿದರೆ, ಅದಕ್ಕೆ ಕಂಪ್ಯೂಟರ್ ಕೊಡುವ ಉತ್ತರದಲ್ಲಿ ಅವೇ ಅಕ್ಷರಗಳನ್ನು ಕಂಡ ಮೋಡೆಮ್ ತನ್ನ ಕರೆಯನ್ನು ತಾನೇ ಕತ್ತರಿಸಿಕೊಳ್ಳುತ್ತಿತ್ತು. ಆರಂಭದ ಆದೇಶಕ್ಕೆ ಎಸ್2=255 ಎಂದು ಸೇರಿಸಿದರೆ ಈ ಉಪದ್ರವ ನಿಲ್ಲುತ್ತಿತ್ತು.

ಮೂರನೇ ಹಂತ: ಕರೆ ಕೂಡಿಸುವುದು

ದಿನವೂ ಮಿನಿಕಾಮ್‌ನಲ್ಲಿ ಕೈಯಾರೆ ಡಯಲ್ ಮಾಡಲಾಗದು. ಹಳೆಯ ದಾರಿ ಚಾಟ್ ಎಂಬ ಪುಟ್ಟ ತಂತ್ರಾಂಶ. ಯಾವ ಮಾತಿಗೆ ಕಾಯಬೇಕು, ಅದು ಬಂದಾಗ ಏನು ಹೇಳಬೇಕು ಎಂಬ ಜೋಡಿಗಳನ್ನು ಅದಕ್ಕೆ ಬರೆದುಕೊಡಬೇಕು: ಓಕೆ ಬಂದರೆ ಡಯಲ್ ಮಾಡು, ಕನೆಕ್ಟ್ ಬಂದರೆ ಮುಂದುವರಿ, ಬಿಜಿ ಅಥವಾ ನೋ ಕ್ಯಾರಿಯರ್ ಬಂದರೆ ಕೈಬಿಡು.

ಇದನ್ನು ಸುಲಭ ಮಾಡಿದ್ದು ಕೆನಡಾದ ವರ್ಲ್ಡ್‌ವಿಷನ್ಸ್‌ನವರ ವಿವಿಡಯಲ್. ಅದರ ಜೊತೆ ಬರುವ ವಿವಿಡಯಲ್‌ಕಾನ್ಫ್ ಎಲ್ಲ ಪೋರ್ಟ್‌ಗಳಿಗೂ ಎಟಿ ಕಳಿಸಿ, ಮೋಡೆಮ್ ಎಲ್ಲಿದೆಯೆಂದು ತಾನೇ ಪತ್ತೆ ಮಾಡಿ, ವಿವಿಡಯಲ್.ಕಾನ್ಫ್ ಎಂಬ ಕಡತ ಬರೆದಿಡುತ್ತದೆ. ಬಳಕೆದಾರರು ಅದರಲ್ಲಿ ತುಂಬಬೇಕಾದ್ದು ಮೂರೇ ಸಾಲು: ಫೋನ್ ಸಂಖ್ಯೆ, ಬಳಕೆದಾರರ ಹೆಸರು, ಗುಪ್ತಪದ. ಲಾಗಿನ್ ಪ್ರಶ್ನೆ ಕೇಳದೆ ನೇರವಾಗಿ ಪಿಪಿಪಿ (ಮುಂದಿನ ಹಂತದಲ್ಲಿ ವಿವರಿಸುವ ಒಪ್ಪಂದ) ಶುರು ಮಾಡುವ ಸಂಸ್ಥೆಗಳಿಗೆ ಸ್ಟುಪಿಡ್ ಮೋಡ್ ಎಂಬ ಸಾಲಿಗೆ 1 ಎಂದು ಕೊಟ್ಟರೆ, ವಿವಿಡಯಲ್ ತನ್ನ ಊಹೆಗಳನ್ನು ಬಿಟ್ಟು ಕರೆ ಕೂಡಿದ ತಕ್ಷಣ ಮುಂದಿನ ಹಂತಕ್ಕೆ ಹೋಗುತ್ತದೆ. ಕಿಟಕಿ, ಗುಂಡಿಗಳು ಬೇಕೆನ್ನುವವರಿಗೆ ಕೆಡಿಇಯ ಕೆಪಿಪಿಪಿ ಇತ್ತು; ಎಷ್ಟು ಹೊತ್ತು ಸಂಪರ್ಕದಲ್ಲಿದ್ದಿರಿ, ಎಷ್ಟು ಖರ್ಚಾಯಿತು ಎಂಬ ಲೆಕ್ಕವನ್ನೂ ಅದು ಇಡುತ್ತಿತ್ತು.

ಇಲ್ಲಿ ಹಲವರನ್ನು ಗೊಂದಲಕ್ಕೆ ತಳ್ಳುವುದು ವೇಗದ ಸಂಖ್ಯೆ. ಮೋಡೆಮ್ 56 ಕಿಲೋಬಿಟ್‌ನದಾದರೂ ಪೋರ್ಟ್‌ನ ವೇಗವನ್ನು 115200 ಎಂದೇ ಇಡಬೇಕು. ಮೋಡೆಮ್ ಮಾಹಿತಿಯನ್ನು ಕುಗ್ಗಿಸಿ ಕಳಿಸುತ್ತದೆ, ಬಂದದ್ದನ್ನು ಹಿಗ್ಗಿಸಿ ಕೊಡುತ್ತದೆ. ಹಿಗ್ಗಿದ ಮಾಹಿತಿ ಕಂಪ್ಯೂಟರ್ ಸೇರಲು ಅಗಲವಾದ ದಾರಿ ಬೇಕು.

ನಾಲ್ಕನೇ ಹಂತ: ಪಿಪಿಪಿ

ಕರೆ ಕೂಡಿದ ಮಾತ್ರಕ್ಕೆ ಇಂಟರ್‌ನೆಟ್ ಬರುವುದಿಲ್ಲ. ಸೀರಿಯಲ್ ತಂತಿಯ ಮೇಲೆ ಇಂಟರ್‌ನೆಟ್ ಪೊಟ್ಟಣಗಳನ್ನು ಸಾಗಿಸುವ ಒಪ್ಪಂದ ಬೇಕು, ಅದೇ ಪಿಪಿಪಿ. ಲಿನಕ್ಸ್‌ನಲ್ಲಿ ಇದನ್ನು ನಡೆಸುವುದು ಪಿಪಿಪಿಡಿ. ಆಸ್ಟ್ರೇಲಿಯಾದ ಪಾಲ್ ಮ್ಯಾಕೆರಸ್ ಬಹುಕಾಲ ಅದರ ಉಸ್ತುವಾರಿ ಹೊತ್ತಿದ್ದರು. ಎರಡೂ ಕಡೆಯವರು ಮೊದಲು ಸಂಪರ್ಕದ ನಿಯಮಗಳನ್ನು ಒಪ್ಪಿಕೊಳ್ಳುತ್ತಾರೆ, ನಂತರ ಪಿಎಪಿ ಅಥವಾ ಸಿಎಚ್‌ಎಪಿ ವಿಧಾನದಲ್ಲಿ ಗುಪ್ತಪದದ ಪರಿಶೀಲನೆಯಾಗುತ್ತದೆ, ಕೊನೆಗೆ ಐಪಿ ವಿಳಾಸ ಸಿಗುತ್ತದೆ. ಆಗ ಇಫ್‌ಕಾನ್ಫಿಗ್ ಕಮಾಂಡ್‌ನಲ್ಲಿ ಪಿಪಿಪಿ0 ಎಂಬ ಹೊಸ ಸಾಲು ಕಾಣುತ್ತದೆ.

ಪಿಪಿಪಿಡಿಗೆ ಕೊಡುವ ಆಯ್ಕೆಗಳಲ್ಲಿ ನಾಲ್ಕು ಮುಖ್ಯ. ಡಿಫಾಲ್ಟ್‌ರೂಟ್ ಎಂದರೆ ಹೊರಜಗತ್ತಿನ ದಾರಿ ಈ ಸಂಪರ್ಕವೇ ಆಗಲಿ ಎಂದು. ಯೂಸ್‌ಪಿಯರ್‌ಡಿಎನ್‌ಎಸ್ ಎಂದರೆ ಹೆಸರುಗಳನ್ನು ವಿಳಾಸವಾಗಿಸುವ ಡಿಎನ್‌ಎಸ್ ಸರ್ವರ್‌ಗಳನ್ನು ಆ ಕಡೆಯಿಂದಲೇ ಕೇಳಿ ಪಡೆ ಎಂದು. ನೋಆಥ್ ಎಂದರೆ ಇಂಟರ್‌ನೆಟ್ ಸಂಸ್ಥೆ ನಮಗೆ ತನ್ನ ಗುರುತು ಸಾಬೀತು ಮಾಡಬೇಕಿಲ್ಲ ಎಂದು. ನಾವು ಅವರಿಗೆ ಗುಪ್ತಪದ ಕೊಡುವುದು ಇದರಿಂದ ತಪ್ಪುವುದಿಲ್ಲ. ಐಡಲ್ 300 ಎಂದರೆ ಐದು ನಿಮಿಷ ಯಾವ ಸಂಚಾರವೂ ಇಲ್ಲದಿದ್ದರೆ ಕರೆ ಮುಗಿಸು ಎಂದು. ಫೋನ್ ಬಿಲ್ ನಿಮಿಷದ ಲೆಕ್ಕದಲ್ಲಿ ಏರುವಲ್ಲಿ ಈ ಕೊನೆಯದನ್ನು ಮರೆಯಬಾರದು.

ಸಾಮಾನ್ಯ ತೊಂದರೆಗಳು

ಸಂಪರ್ಕ ಇದೆ, ಆದರೆ ಯಾವ ಪುಟವೂ ತೆರೆಯುವುದಿಲ್ಲ: ಮೊದಲು ಒಂದು ಐಪಿ ಸಂಖ್ಯೆಗೆ ಪಿಂಗ್ ಮಾಡಿ. ಉತ್ತರ ಬಂದು, ಹೆಸರಿಗೆ ಮಾಡಿದಾಗ ಬಾರದಿದ್ದರೆ ರಿಸಾಲ್ವ್.ಕಾನ್ಫ್ ಕಡತದಲ್ಲಿ ಡಿಎನ್‌ಎಸ್ ವಿಳಾಸವಿಲ್ಲ. ಸಂಖ್ಯೆಗೂ ಬಾರದಿದ್ದರೆ ದಾರಿಯ ತೊಂದರೆ. ಯಂತ್ರದಲ್ಲಿ ನೆಟ್‌ವರ್ಕ್ ಕಾರ್ಡ್‌ಗೆ ಮೊದಲೇ ಒಂದು ಡಿಫಾಲ್ಟ್ ದಾರಿ ಇದ್ದರೆ ಪಿಪಿಪಿಡಿ ಅದನ್ನು ಬದಲಿಸುವುದಿಲ್ಲ, ಕೈಯಾರೆ ತೆಗೆದುಹಾಕಬೇಕು.

ತಂತಿ ಲೂಪ್ ಆಗಿದೆ ಎಂಬ ಸಂದೇಶ ಬರುತ್ತದೆ: ಆ ಕಡೆ ಪಿಪಿಪಿ ಇನ್ನೂ ಶುರುವಾಗಿಲ್ಲ. ಲಾಗಿನ್ ಪ್ರಶ್ನೆಯಲ್ಲೇ ನಿಂತಿರುವ ಸರ್ವರ್ ನಾವು ಕಳಿಸಿದ್ದನ್ನೇ ತಿರುಗಿ ಕಳಿಸುತ್ತಿದೆ.

ಸಾಧನಕ್ಕೆ ಬೀಗ ಬಿದ್ದಿದೆ ಎಂದು ಬರುತ್ತದೆ: ಬೇರೆ ತಂತ್ರಾಂಶ ಪೋರ್ಟ್ ಹಿಡಿದುಕೊಂಡಿದೆ, ಇಲ್ಲವೇ ಹಿಂದೆ ಅರ್ಧಕ್ಕೆ ನಿಂತದ್ದು ಬೀಗದ ಕಡತ ಬಿಟ್ಟುಹೋಗಿದೆ. ಮಿನಿಕಾಮ್ ತೆರೆದಿಟ್ಟೇ ವಿವಿಡಯಲ್ ಓಡಿಸುವುದು ಇದಕ್ಕೆ ಮಾಮೂಲಿ ಕಾರಣ.

ನಡುವೆ ಕರೆ ಕಡಿದುಹೋಗುತ್ತದೆ: ಅದೇ ತಂತಿಗೆ ಜೋಡಿಸಿದ ಇನ್ನೊಂದು ಫೋನ್ ಎತ್ತಿದರೂ, ಕಾಲ್ ವೇಟಿಂಗ್ ಸದ್ದು ಬಂದರೂ ಹೀಗಾಗುತ್ತದೆ.

ಭಾರತದಲ್ಲಿ

ವಿದೇಶ ಸಂಚಾರ ನಿಗಮ 1995ರ ಆಗಸ್ಟ್ 15ರಂದು ಭಾರತದಲ್ಲಿ ಸಾರ್ವಜನಿಕ ಇಂಟರ್‌ನೆಟ್ ಸೇವೆ ಆರಂಭಿಸಿತು. ಅದರಲ್ಲಿ ಅಗ್ಗದ ಶೆಲ್ ಖಾತೆಯೂ ದುಬಾರಿ ಟಿಸಿಪಿ-ಐಪಿ ಖಾತೆಯೂ ಇದ್ದವು. ಶೆಲ್ ಖಾತೆಯವರಿಗೆ ಪಿಪಿಪಿಯ ಗೊಡವೆಯೇ ಇರಲಿಲ್ಲ. ಮಿನಿಕಾಮ್‌ನಿಂದ ಡಯಲ್ ಮಾಡಿದರೆ ನಿಗಮದ ಯಂತ್ರದ ಪರದೆ ಸಿಗುತ್ತಿತ್ತು. ಅಲ್ಲೇ ಅಂಚೆ ಓದಿ, ಲಿಂಕ್ಸ್ ಬ್ರೌಸರ್‌ನಲ್ಲಿ ಚಿತ್ರವಿಲ್ಲದ ಪುಟ ನೋಡಬೇಕು. 1998ರಲ್ಲಿ ಖಾಸಗಿ ಸಂಸ್ಥೆಗಳಿಗೂ ಅವಕಾಶ ಸಿಕ್ಕಿತು. ಬಿಎಸ್‌ಎನ್‌ಎಲ್‌ನ ಸಂಚಾರ್‌ನೆಟ್ ಬಂದ ಮೇಲೆ ಕರ್ನಾಟಕದ ಸಣ್ಣ ಊರುಗಳಿಂದಲೂ 172233ಕ್ಕೆ ಡಯಲ್ ಮಾಡುವುದು ಸಾಧ್ಯವಾಯಿತು.

ಸೆಕೆಂಡಿಗೆ 5 ಕಿಲೋಬೈಟ್ ಇಳಿಯುತ್ತದೆ ಎಂದಿಟ್ಟುಕೊಂಡರೂ 650 ಮೆಗಾಬೈಟ್‌ನ ಒಂದು ಲಿನಕ್ಸ್ ಸಿಡಿ ಇಳಿಸಲು ಸುಮಾರು 37 ಗಂಟೆ ಬೇಕು. ಪಿಸಿಕ್ವೆಸ್ಟ್‌ನಂಥ ಪತ್ರಿಕೆಗಳ ಜೊತೆ ಬರುತ್ತಿದ್ದ ಲಿನಕ್ಸ್ ಸಿಡಿಗಳಿಗೆ ಅಷ್ಟು ಬೇಡಿಕೆ ಇದ್ದುದು ಇದಕ್ಕೇ. ವಿನ್‌ಮೋಡೆಮ್ ಇದ್ದವರ ಪಾಡು ಇನ್ನೂ ಕಷ್ಟ: ಇಂಟರ್‌ನೆಟ್‌ಗೆ ಡ್ರೈವರ್ ಬೇಕು, ಡ್ರೈವರ್ ಇರುವುದು ಇಂಟರ್‌ನೆಟ್‌ನಲ್ಲಿ. ವಿಂಡೋಸ್‌ಗೆ ಹೋಗಿ ಇಳಿಸಿ, ಮತ್ತೆ ಲಿನಕ್ಸ್‌ಗೆ ಬಂದು ಕಟ್ಟಿ ನೋಡಿ, ಕೂಡದಿದ್ದರೆ ಮತ್ತೆ ವಿಂಡೋಸ್‌ಗೆ ಹೋಗಬೇಕಿತ್ತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾಒನ್ ಬ್ರಾಡ್‌ಬ್ಯಾಂಡ್ ಬಂದ ಮೇಲೆ ಈ ಪರದಾಟ ಕ್ರಮೇಣ ತಗ್ಗಿತು.

ಈಗ ಉಳಿದಿರುವುದು

ಡಯಲ್-ಅಪ್ ಮರೆಗೆ ಸರಿದರೂ ಅದರ ವಿದ್ಯೆ ಉಳಿಯಿತು. ನಂತರ ಬಂದ ಯುಎಸ್‌ಬಿ ಡೇಟಾ ಕಾರ್ಡ್‌ಗಳೂ ಎಟಿ ಆದೇಶಗಳಿಗೇ ಉತ್ತರಿಸುತ್ತಿದ್ದವು. ಸಿಡಿಎಂಎ ಕಾರ್ಡ್‌ಗಳಲ್ಲಿ #777, 3ಜಿ ಕಾರ್ಡ್‌ಗಳಲ್ಲಿ *99# ಡಯಲ್ ಮಾಡಿದರೆ ಅದೇ ಪಿಪಿಪಿ ಶುರುವಾಗುತ್ತಿತ್ತು. ಹಳೆಯ ವಿವಿಡಯಲ್ ಕಡತದಲ್ಲಿ ಪೋರ್ಟ್ ಮತ್ತು ಸಂಖ್ಯೆ ಬದಲಿಸಿದರೆ ಸಾಕಿತ್ತು. ಇಂದಿನ ಲಿನಕ್ಸ್‌ನ ಮೋಡೆಮ್‌ಮ್ಯಾನೇಜರ್ ಕೂಡ ಬೇಕಾದಲ್ಲಿ ಎಟಿ ಆದೇಶಗಳನ್ನೇ ಕಳಿಸುತ್ತದೆ.

ಅಮೆರಿಕದ ಎಒಎಲ್ ತನ್ನ ಡಯಲ್-ಅಪ್ ಸೇವೆಯನ್ನು 2025ರ ಸೆಪ್ಟೆಂಬರ್ 30ರಂದು ನಿಲ್ಲಿಸಿತು. ಫ್ಯಾಕ್ಸ್‌ಗೆ, ಇಂಟರ್‌ನೆಟ್ ಕಡಿದಾಗ ದೂರದ ರೌಟರ್‌ನ ಒಳಹೊಕ್ಕು ನೋಡಲು ಮೋಡೆಮ್ ಇನ್ನೂ ಅಲ್ಲಲ್ಲಿ ಬಳಕೆಯಲ್ಲಿದೆ. ಅಂಥ ಕೆಲಸಕ್ಕೆ ಈಗ ಮೋಡೆಮ್ ಕೊಳ್ಳುವವರು ಸೀರಿಯಲ್ ಕೇಬಲ್‌ನ ಹೊರಗಿನ ಮೋಡೆಮ್ ಅಥವಾ ಯುಎಸ್ ರೋಬಾಟಿಕ್ಸ್ 5637ರಂಥ, ನಿಯಂತ್ರಕ ಒಳಗೇ ಇರುವ ಯುಎಸ್‌ಬಿ ಮೋಡೆಮ್ ಆರಿಸಿಕೊಳ್ಳಲಿ. ಮನೆಗೆ ತಂದ ಮೇಲೆ ಬೇರೆ ಯಾವ ಕಡತ ಮುಟ್ಟುವ ಮುನ್ನ ಮಿನಿಕಾಮ್‌ನಲ್ಲಿ ಎಟಿ ಎಂದು ಟೈಪ್ ಮಾಡಿ ನೋಡಲಿ. ಓಕೆ ಬಾರದ ಮೋಡೆಮ್ ಅನ್ನು ಅಂಗಡಿಗೆ ಹಿಂದಿರುಗಿಸುವುದೇ ಮೇಲು.